⇌ ಈ ಬಾಣ ಟೈಪ್ ಮಾಡೋದು ಹೇಗೆ? ಕೆಮಿಸ್ಟ್ರಿ ನೋಟ್ಸ್, ಪ್ರಶ್ನೆಪತ್ರಿಕೆ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದಿನ ಮಾತು. ಪ್ರಥಮ ಪಿಯು ಹುಡುಗರಿಗೆ ಒಂದು ಟೆಸ್ಟ್ ಪೇಪರ್ ಮಾಡಿದ್ದೆ. ರಾತ್ರಿ ಕೂತು ಟೈಪ್ ಮಾಡಿ, ಪೆನ್‌ಡ್ರೈವಿಗೆ ಹಾಕಿಕೊಂಡು, ಬೆಳಗ್ಗೆ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಅವಸರದಲ್ಲಿ ತಿರುಗಿಸಿ ನೋಡಲಿಲ್ಲ. ಟೆಸ್ಟ್ ಶುರುವಾಗಿ ಐದು ನಿಮಿಷ ಆಗಿರಬೇಕು, ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. "ಸರ್, ಈ ಡಬ್ಬಿ ಏನು?"

ನೋಡಿದರೆ ಹೀಗಿತ್ತು:

ನೈಟ್ರೋಜನ್ + ಹೈಡ್ರೋಜನ್ □ ಅಮೋನಿಯಾ

ಬಾಣ ಇರಬೇಕಾದ ಕಡೆಯೆಲ್ಲ ಖಾಲಿ ಚೌಕ. ಬೋರ್ಡಿನ ಮೇಲೆ ದೊಡ್ಡದಾಗಿ ⇌ ಬರೆದು, "ಡಬ್ಬಿ ಕಂಡಲ್ಲೆಲ್ಲ ಇದು ಅಂದ್ಕೊಳ್ಳಿ" ಅಂದೆ. ಅದರಲ್ಲಿ ಒಂದು ಪ್ರಶ್ನೆ, "ಇವುಗಳಲ್ಲಿ ಹಿಂದಕ್ಕೆ ಮರಳದ ಕ್ರಿಯೆ ಯಾವುದು?" ಅಂತ ಇತ್ತು. ಮೂರಕ್ಕೆ ಡಬ್ಬಿ, ಒಂದಕ್ಕೆ ಮಾತ್ರ ನೆಟ್ಟಗಿನ ಬಾಣ. ಎಲ್ಲರಿಗೂ ಪೂರ್ತಿ ಅಂಕ. ಬಾಣ ಸರಿಯಾಗಿ ಪ್ರಿಂಟ್ ಆಗಿದ್ದರೂ ಕಣ್ಣಿಗೆ ಕಾಣುತ್ತಿದ್ದ ಉತ್ತರ ಅದೇ ಅಲ್ವಾ ಅಂತ ಹೊಳೆದದ್ದು ಸಂಜೆ ಮನೆಗೆ ಬಂದ ಮೇಲೆ!

ಅಂದಿನಿಂದ ಈ ಒಂದು ಚಿಹ್ನೆಯ ಹಿಂದೆ ಬಿದ್ದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವರ್ಡ್, ಫೋನು, ವೆಬ್ ಪುಟ, ಲೇಟೆಕ್ (ಗಣಿತ-ವಿಜ್ಞಾನದ ಪುಟ ಜೋಡಿಸುವ ಪ್ರೋಗ್ರಾಮ್), ನುಡಿ ಅನ್ನೋ ಕನ್ನಡ ತಂತ್ರಾಂಶದ ಹಳೆಯ ಫೈಲು, ಕೊನೆಗೆ ಪ್ರಿಂಟು, ಎಲ್ಲ ಬರುತ್ತದೆ. ನಿಮಗೆ ಬೇಕಾದ ಭಾಗಕ್ಕೆ ನೇರ ಹೋಗಬಹುದು. ಆದರೆ ಮೊದಲ ಎರಡು ಭಾಗ ಓದದೆ ಹೋಗಬೇಡಿ. ಅರ್ಧ ಎಡವಟ್ಟು ಅಲ್ಲೇ ಆಗೋದು.

ಮೊದಲು: ಬೇಕಾಗಿರುವುದು ಇದೇ ಬಾಣವಾ?

ಕೆಮಿಸ್ಟ್ರಿಯಲ್ಲಿ ಬಾಣ ಬದಲಾದರೆ ಅರ್ಥವೇ ಬದಲಾಗುತ್ತದೆ. ಇದಕ್ಕೆ ಸುಣ್ಣದ ಭಟ್ಟಿಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಸುಣ್ಣದ ಕಲ್ಲನ್ನು ಕಾಯಿಸಿದರೆ ಸುಟ್ಟ ಸುಣ್ಣ ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತವೆ. ಭಟ್ಟಿಯ ಬಾಯಿ ತೆರೆದಿರುತ್ತದೆ, ಅನಿಲ ಹೊರಗೆ ಹೋಗಿಬಿಡುತ್ತದೆ. ಮರಳಿ ಕಲ್ಲಾಗಲು ಜೊತೆಗಾರನೇ ಇಲ್ಲ. ಆಗ ಹೀಗೆ ಬರೆಯಬೇಕು:

ಸುಣ್ಣದ ಕಲ್ಲು → ಸುಟ್ಟ ಸುಣ್ಣ + ಕಾರ್ಬನ್ ಡೈಆಕ್ಸೈಡ್

ಅದೇ ಕಲ್ಲನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ. ಅನಿಲ ಒಳಗೇ ಇರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕಲ್ಲು ಒಡೆಯುವ ವೇಗವೂ, ಸುಣ್ಣ ಮತ್ತು ಅನಿಲ ಸೇರಿ ಮತ್ತೆ ಕಲ್ಲಾಗುವ ವೇಗವೂ ಸಮ ಆಗುತ್ತವೆ. ಇದೇ ಸಮತೋಲನ. ಆಗ:

ಸುಣ್ಣದ ಕಲ್ಲು ⇌ ಸುಟ್ಟ ಸುಣ್ಣ + ಕಾರ್ಬನ್ ಡೈಆಕ್ಸೈಡ್

ಪದಾರ್ಥ ಅವೇ. ಮುಚ್ಚಳ ಇದೆಯೋ ಇಲ್ಲವೋ ಅನ್ನೋದನ್ನು ಬಾಣ ಹೇಳುತ್ತದೆ.

ಗೊಂದಲ ಮಾಡುವ ಅಣ್ಣತಮ್ಮಂದಿರು ಇನ್ನೂ ಇದ್ದಾರೆ. ⇄ ಅಂದರೆ ಎರಡು ಪೂರ್ತಿ ಬಾಣ. ಕ್ರಿಯೆ ಎರಡೂ ದಿಕ್ಕಿಗೆ ನಡೆಯುತ್ತದೆ ಅಂತ ಅರ್ಥ, ಸಮತೋಲನ ಮುಟ್ಟಿದೆ ಅಂತ ಅಲ್ಲ. ↔ ಅಂದರೆ ಒಂದೇ ಗೆರೆಗೆ ಎರಡು ಕಡೆ ಮೂತಿ. ಇದು ರೆಸೊನೆನ್ಸ್‌ಗೆ, ಅಂದರೆ ಒಂದೇ ಅಣುವನ್ನು ಎರಡು ಥರ ಬಿಡಿಸಿದಾಗ, ಬೆಂಜೀನಿನ ಎರಡು ಚಿತ್ರಗಳ ಹಾಗೆ, ಅವುಗಳ ನಡುವೆ ಹಾಕುವ ಬಾಣ. ಇಲ್ಲಿ ಕ್ರಿಯೆಯೇ ನಡೆಯುತ್ತಿಲ್ಲ. ⇒ ಅನ್ನೋ ದಪ್ಪ ಬಾಣ, ಬೇಕಾದ ಅಣುವಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಹೋಗುವ ರೆಟ್ರೋಸಿಂಥೆಸಿಸ್‌ಗೆ. ಗಣಿತದವರು ಅದನ್ನೇ "ಆದ್ದರಿಂದ" ಅಂತ ಓದುತ್ತಾರೆ. ಸಮತೋಲನಕ್ಕೆ ↔ ಹಾಕಿದ ನೋಟ್ಸ್ ನಾನು ಬೇಕಾದಷ್ಟು ನೋಡಿದ್ದೇನೆ. ಕೀಬೋರ್ಡಿನಲ್ಲಿ ಸುಲಭಕ್ಕೆ ಸಿಕ್ಕಿದ್ದು ಅದು, ಅಷ್ಟೇ ಕಾರಣ.

ಇನ್ನೊಂದು ಕಳ್ಳ ಅವಳಿ ಇದೆ: ⇋. ನಮ್ಮ ಬಾಣ ⇌. ಕಣ್ಣು ಕಿರಿದು ಮಾಡಿ ನೋಡಿ. ಸರಿಯಾದ ಬಾಣದಲ್ಲಿ ಮೇಲಿನದು ಬಲಕ್ಕೆ, ಕೆಳಗಿನದು ಎಡಕ್ಕೆ ಹೋಗುತ್ತದೆ. ಎರಡಕ್ಕೂ ಅರ್ಧ ಮೂತಿ ಮಾತ್ರ, ಮೀನು ಹಿಡಿಯುವ ಈಟಿಯ ಒಂದು ಮುಳ್ಳಿನ ಹಾಗೆ. ಅದಕ್ಕೇ ಇಂಗ್ಲಿಷಿನಲ್ಲಿ ಹಾರ್ಪೂನ್ ಅನ್ನುತ್ತಾರೆ. ಅವಳಿಯಲ್ಲಿ ಇದು ಉಲ್ಟಾ. ಪುಸ್ತಕಗಳಲ್ಲಿ ರೂಢಿಯಾಗಿರುವುದು ⇌.

ಇದಕ್ಕೆ ಒಂದಿಷ್ಟು ಹಿನ್ನೆಲೆ. ಎರಡು ಬಾಣಗಳನ್ನು ಎದುರುಬದುರು ಇಟ್ಟು ಬರೆಯುವ ಪದ್ಧತಿ ತಂದವರು ಡಚ್ ವಿಜ್ಞಾನಿ ವಾಂಟ್ ಹಾಫ್, 1884ರಲ್ಲಿ. ಕೆಮಿಸ್ಟ್ರಿಯ ಮೊಟ್ಟಮೊದಲ ನೊಬೆಲ್ 1901ರಲ್ಲಿ ಸಿಕ್ಕಿದ್ದು ಅವರಿಗೇ. ಅವರು ಹಾಕಿದ್ದು ಪೂರ್ತಿ ಬಾಣ. ಅರ್ಧ ಮೂತಿ ಸಾಕು ಅಂತ 1902ರಲ್ಲಿ ಸೂಚಿಸಿದವರು ಸ್ಕಾಟ್‌ಲೆಂಡಿನ ಕೆಮಿಸ್ಟ್ ಹ್ಯೂ ಮಾರ್ಷಲ್. ಹಾಗಾಗಿ ಈ ಆಕಾರಕ್ಕೆ ನೂರಿಪ್ಪತ್ತು ವರ್ಷ ದಾಟಿದೆ. ಕಂಪ್ಯೂಟರಿನಲ್ಲಿ ಮಾತ್ರ ಇವತ್ತಿಗೂ ಹುಡುಕಬೇಕು.

ಎರಡನೆಯದು: ಬಾಣಕ್ಕೊಂದು ನಂಬರ್ ಇದೆ

ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳೋದಾದರೆ ಅದು 8652.

ಯುನಿಕೋಡ್ ಅನ್ನೋದು ಜಗತ್ತಿನ ಅಕ್ಷರಗಳಿಗೆಲ್ಲ ಒಂದೊಂದು ನಂಬರ್ ಕೊಟ್ಟಿರುವ ದೊಡ್ಡ ಪಟ್ಟಿ. ಕನ್ನಡದ 'ಕ'ಗೂ ಒಂದು ನಂಬರ್ ಇದೆ, ಈ ಬಾಣಕ್ಕೂ ಇದೆ. 1991ರ ಮೊದಲ ಆವೃತ್ತಿಯಲ್ಲೇ ಎರಡೂ ಇದ್ದವು. ಬಾಣಗಳಿಗೆ ಅಂತಲೇ 8592ರಿಂದ 8703ರವರೆಗೆ ಒಟ್ಟು 112 ಮನೆಗಳ ಒಂದು ಬೀದಿ ಇದೆ. ಅದರಲ್ಲಿ 8652ನೇ ಮನೆ ನಮ್ಮದು. ಪಕ್ಕದ 8651 ಕಳ್ಳ ಅವಳಿಯದು.

ಕಂಪ್ಯೂಟರಿನವರು ಇದೇ ನಂಬರನ್ನು ಹದಿನಾರರ ಲೆಕ್ಕದಲ್ಲಿ ಬರೆಯುತ್ತಾರೆ: 21ಸಿಸಿ. ಅಂದರೆ 21 ಬರೆದು, ಇಂಗ್ಲಿಷ್ ವರ್ಣಮಾಲೆಯ ಮೂರನೇ ಅಕ್ಷರವನ್ನು ಎರಡು ಸಲ ಒತ್ತುವುದು. ಕೆಲವು ಕಡೆ 8652 ಕೇಳುತ್ತಾರೆ, ಕೆಲವು ಕಡೆ 21ಸಿಸಿ. ಎರಡೂ ಒಂದೇ.

ನಂಬರ್ ಯಾಕೆ ಮುಖ್ಯ ಅಂದರೆ, ನೀವು ಫೈಲ್ ಕಳಿಸಿದಾಗ ಹೋಗೋದು ಆ ನಂಬರ್. ಆಕಾರವನ್ನು ಆ ಕಡೆಯ ಕಂಪ್ಯೂಟರು ತನ್ನ ಫಾಂಟಿನಿಂದ ಬಿಡಿಸಿಕೊಳ್ಳುತ್ತದೆ. ಫಾಂಟಿನಲ್ಲಿ ಆ ಚಿತ್ರ ಇಲ್ಲದಿದ್ದರೆ ಡಬ್ಬಿ. ನನ್ನ ಟೆಸ್ಟ್ ಪೇಪರಿಗೆ ಆದದ್ದು ಇದೇ. ಒಂದು ಲೆಕ್ಕದಲ್ಲಿ ಡಬ್ಬಿ ಬಂದರೆ ಸಮಾಧಾನ: ನಂಬರ್ ಸರಿಯಾಗಿದೆ, ಫಾಂಟ್ ಬದಲಿಸಿದರೆ ಮುಗಿಯಿತು. ಇದಕ್ಕಿಂತ ಕೆಟ್ಟದ್ದು ಬಾಣದ ಬದಲು ಬೇರೆ ಅಕ್ಷರವೇ ಬರೋದು. ಅದರ ಕಥೆ ಮುಂದೆ ಇದೆ.

ಹಾಗಾಗಿ ಎರಡು ಗೆರೆ ಎಳೆದು ಬಾಣದ ಚಿತ್ರ ಕೂರಿಸೋದು, ಎರಡು ಬೇರೆ ಬಾಣಗಳನ್ನು ಮೇಲೆ ಕೆಳಗೆ ಅಂಟಿಸೋದು ಎಲ್ಲ ಬೇಡ. ಒಂದು ಸಾಲು ಮೇಲೆ ಸೇರಿಸಿದರೆ ಸಾಕು, ಚಿತ್ರ ಎಲ್ಲೋ, ಸಮೀಕರಣ ಎಲ್ಲೋ.

ವರ್ಡ್‌ನಲ್ಲಿ

ನಾನು ದಿನಾ ಬಳಸೋದು ಈ ದಾರಿ:

1. ಕೀಬೋರ್ಡನ್ನು ಇಂಗ್ಲಿಷಿಗೆ ಬದಲಿಸಿ. ಇದನ್ನು ಮರೆತರೆ ಸಿ ಒತ್ತಿದಾಗ 'ಚ' ಬರುತ್ತದೆ, 21ಚಚ ಅಂತ ಕೂತಿರುತ್ತದೆ.
2. ಒಂದು ಜಾಗ ಬಿಟ್ಟು 21ಸಿಸಿ ಟೈಪ್ ಮಾಡಿ.
3. ಕರ್ಸರ್ ಅಲ್ಲೇ ಇರುವಾಗ ಆಲ್ಟ್ ಹಿಡಿದು ಎಕ್ಸ್ ಒತ್ತಿ.

ನಾಲ್ಕು ಅಕ್ಷರ ಮಾಯವಾಗಿ ⇌ ಬರುತ್ತದೆ. ಹಿಂದೆ ಜಾಗ ಬಿಡಿ ಅಂದದ್ದಕ್ಕೆ ಕಾರಣ ಇದೆ. ಮುಂಚೆ ಯಾವುದೋ ಅಂಕಿ ಅಂಟಿಕೊಂಡಿದ್ದರೆ ವರ್ಡ್ ಅದನ್ನೂ ಸೇರಿಸಿ ಓದಿಬಿಡುತ್ತದೆ, ಇನ್ನೇನೋ ಬರುತ್ತದೆ. ಲಿಬ್ರೆ ಆಫೀಸಿನ ರೈಟರ್‌ನಲ್ಲೂ ಇದೇ ಆಲ್ಟ್-ಎಕ್ಸ್ ನಡೆಯುತ್ತದೆ.

ಈ ಕೀಲಿ ಉಲ್ಟಾ ಕೂಡ ಕೆಲಸ ಮಾಡುತ್ತದೆ. ಬೇರೆಯವರ ಫೈಲಿನಲ್ಲಿ ಒಂದು ಬಾಣ ಇದೆ, ಅದು ಸರಿಯಾದ್ದೋ ಅವಳಿಯೋ ಅಂತ ಅನುಮಾನ. ಬಾಣದ ಬಲಕ್ಕೆ ಕರ್ಸರ್ ಇಟ್ಟು ಆಲ್ಟ್-ಎಕ್ಸ್ ಒತ್ತಿ. 21ಸಿಸಿ ಬಂದರೆ ನಮ್ಮದು. 21ಸಿಬಿ ಬಂದರೆ ಅವಳಿ. ಇನ್ನೊಮ್ಮೆ ಒತ್ತಿದರೆ ಮತ್ತೆ ಬಾಣ. ನಾನು ಪೇಪರ್ ತಿದ್ದುವಾಗ ಇದನ್ನು ಬಳಸದ ದಿನವಿಲ್ಲ.

ಎರಡನೇ ದಾರಿ: ನಂಬರ್ ಪ್ಯಾಡ್ ಇರುವ ಕೀಬೋರ್ಡಾದರೆ, ನಮ್ ಲಾಕ್ ಹಾಕಿ, ಆಲ್ಟ್ ಹಿಡಿದುಕೊಂಡೇ ಪ್ಯಾಡಿನಲ್ಲಿ 8652 ಒತ್ತಿ ಬಿಡಿ. ಅಕ್ಷರಗಳ ಮೇಲಿನ ಸಾಲಿನ ಅಂಕಿಗಳು ಇದಕ್ಕೆ ಆಗಿಬರೋದಿಲ್ಲ. ಇದು ವರ್ಡ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಎಷ್ಟೋ ಬೇರೆ ಪ್ರೋಗ್ರಾಮ್‌ಗಳಲ್ಲಿ ಇದನ್ನೇ ಮಾಡಿದರೆ ╠ ಹೀಗೊಂದು ಕಿಟಕಿ ಚೌಕಟ್ಟಿನ ತುಂಡು ಬರುತ್ತದೆ. ಗಾಬರಿ ಬೇಡ, ಕೀಬೋರ್ಡ್ ಕೆಟ್ಟಿಲ್ಲ. ಆ ಪ್ರೋಗ್ರಾಮಿಗೆ 255ರ ಮೇಲೆ ಎಣಿಸಲು ಬರೋದಿಲ್ಲ. 256ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳುತ್ತದೆ. 256 × 33 = 8448. 8652ರಿಂದ ಅದನ್ನು ಕಳೆದರೆ 204. ಹಳೆಯ ಡಾಸ್ ಪಟ್ಟಿಯಲ್ಲಿ 204ನೇ ಜಾಗದಲ್ಲಿರುವುದು ಆ ಚೌಕಟ್ಟು.

ಮೂರನೆಯದು ಎಲ್ಲರಿಗೂ ಗೊತ್ತಿರುವ ಇನ್ಸರ್ಟ್, ಸಿಂಬಲ್, ಮೋರ್ ಸಿಂಬಲ್ಸ್. ಅಲ್ಲಿ ಫಾಂಟ್ 'ಸೆಗೋ ಯುಐ ಸಿಂಬಲ್' ಆರಿಸಿ, ಕೆಳಗಿನ ಕ್ಯಾರೆಕ್ಟರ್ ಕೋಡ್ ಪೆಟ್ಟಿಗೆಯಲ್ಲಿ 21ಸಿಸಿ ಹಾಕಿ. ಅಲ್ಲಿ 'ವಿಂಗ್‌ಡಿಂಗ್ಸ್' ಫಾಂಟನ್ನು ಮುಟ್ಟಲೇಬೇಡಿ.

ಇಪ್ಪತ್ತು ಸಮೀಕರಣ ಇದ್ದರೆ ಪ್ರತಿ ಸಲ ಹೀಗೆ ಮಾಡೋದು ಬೇಜಾರು. ಒಮ್ಮೆ ಆಟೋಕರೆಕ್ಟಿಗೆ ಹೇಳಿಕೊಟ್ಟುಬಿಡಿ. ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್. ರೀಪ್ಲೇಸ್ ಪೆಟ್ಟಿಗೆಯಲ್ಲಿ ;;= ಅಂತ ಹಾಕಿ, ವಿತ್ ಪೆಟ್ಟಿಗೆಯಲ್ಲಿ ⇌ ಅಂಟಿಸಿ, ಆ್ಯಡ್ ಒತ್ತಿ. ಇನ್ನು ಮುಂದೆ ;;= ಬರೆದು ಸ್ಪೇಸ್ ಒತ್ತಿದರೆ ಬಾಣ ಬರುತ್ತದೆ. ನೋಡೋಕೆ ಚೆನ್ನಾಗಿರುತ್ತೆ ಅಂತ <=> ಇಟ್ಟುಕೊಳ್ಳಬೇಡಿ. ವರ್ಡ್‌ನಲ್ಲಿ ಅದು ಮೊದಲೇ ಬೇರೊಂದು ಬಾಣಕ್ಕೆ ಬುಕ್ ಆಗಿದೆ.

ವಿಂಗ್‌ಡಿಂಗ್ಸ್ ಅನ್ನೋ ಮೋಸ

ಅದನ್ನು ಮುಟ್ಟಬೇಡಿ ಅಂದೆನಲ್ಲ, ಯಾಕೆ ಅಂತ ನೋಡೋಣ. ವರ್ಡ್‌ನಲ್ಲಿ --> ಬರೆದರೆ ತಾನಾಗೇ ಚಂದದ ಬಾಣ ಆಗುತ್ತದೆ. ಎಲ್ಲರಿಗೂ ಖುಷಿ. ಅದನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೋ ಬೇರೆ ಆ್ಯಪಿಗೋ ಅಂಟಿಸಿ. ಬಾಣದ ಬದಲು ತಲೆಯ ಮೇಲೊಂದು ಓರೆ ಗೆರೆ ಹೊತ್ತ ಇಂಗ್ಲಿಷಿನ ಸಣ್ಣ 'ಎ' ಕೂತಿರುತ್ತದೆ.

ಆಗಿದ್ದು ಇಷ್ಟು. ವಿಂಗ್‌ಡಿಂಗ್ಸ್ ಯುನಿಕೋಡಿಗಿಂತ ಹಳೆಯ ರೀತಿಯ ಫಾಂಟು. ಅದು 224ನೇ ಜಾಗದಲ್ಲಿದ್ದ ಆ 'ಎ'ಗೆ ಬಾಣದ ವೇಷ ಹಾಕಿದೆ. ವರ್ಡಿನ ಒಳಗೆ ಇರುವವರೆಗೆ ವೇಷ ಇರುತ್ತದೆ. ಹೊರಗೆ ಬಂದ ಕೂಡಲೇ ವೇಷ ಕಳಚುತ್ತದೆ. ==>, <-- ಬರೆದಾಗ ಬರುವ ಬಾಣಗಳದ್ದೂ ಇದೇ ಹಣೆಬರಹ. ಇಂಗ್ಲಿಷ್ ಇಮೇಲ್‌ಗಳಲ್ಲಿ ಸಾಲಿನ ಮಧ್ಯೆ ಅರ್ಥವಿಲ್ಲದ 'ಎ' ಕಂಡಿದ್ದರೆ, ಅದು ಯಾರೋ ಪ್ರೀತಿಯಿಂದ ಹಾಕಿದ ಬಾಣ.

ನಮ್ಮ ನುಡಿ ಫೈಲುಗಳಿಗೆ ಈ ಕಾಟ ಇನ್ನೂ ಜಾಸ್ತಿ. ಹಳೆಯ ನುಡಿ ಫಾಂಟುಗಳೂ ಮಾಡೋದು ಇದೇ ವೇಷದ ಆಟ. ಇಂಗ್ಲಿಷ್ ಅಕ್ಷರ ಮತ್ತು ಚುಕ್ಕಿ-ಗೆರೆ ಹೊತ್ತ ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರ, ಗುಣಿತ, ಒತ್ತುಗಳ ತುಣುಕುಗಳನ್ನು ಕೂರಿಸಿರುತ್ತಾರೆ. ಕನ್ನಡ ಯುನಿಕೋಡ್ ಎಲ್ಲ ಕಡೆ ಓಡಾಡುವ ಮುಂಚೆ ಅದು ಬಿಟ್ಟರೆ ಗತಿಯೇ ಇರಲಿಲ್ಲ. ಈಗ ಅಂಥ ಫೈಲನ್ನು ಪರಿವರ್ತಕಕ್ಕೆ ಹಾಕಿ ಯುನಿಕೋಡ್ ಮಾಡುತ್ತೀರಿ. ಅದಕ್ಕೆ ಕಾಣೋದು ಬರೀ ಅಕ್ಷರ, ಯಾವುದು ವಿಂಗ್‌ಡಿಂಗ್ಸ್, ಯಾವುದು ನುಡಿ ಅಂತ ಗೊತ್ತಾಗಲ್ಲ. ಬಾಣವನ್ನೂ ಕನ್ನಡದ ತುಣುಕು ಅಂದುಕೊಂಡು ಏನನ್ನೋ ಮಾಡಿ ಪಕ್ಕದ ಪದಕ್ಕೆ ಅಂಟಿಸುತ್ತದೆ.

ಅದಕ್ಕೆ ಕ್ರಮ ಹೀಗಿರಲಿ. ಪರಿವರ್ತಿಸುವ ಮೊದಲೇ, ಹಳೆಯ ಫೈಲಿನಲ್ಲಿ ಪ್ರತಿ ಬಾಣವನ್ನೂ ಕೈಯಲ್ಲೇ ಅಳಿಸಿ ನಿಜವಾದ → ಅಥವಾ ⇌ ಹಾಕಿ. ಹತ್ತು ನಿಮಿಷದ ಕೆಲಸ. ನಿಜವಾದ ಬಾಣದ ನಂಬರ್ ದೊಡ್ಡದು, ನುಡಿಯ ತುಣುಕುಗಳಿರುವ ಜಾಗದಿಂದ ತುಂಬಾ ದೂರ. ಹಾಗಾಗಿ ಪರಿವರ್ತಕ ಅದನ್ನು ಮುಟ್ಟದೆ ಹಾಗೇ ಬಿಡುತ್ತದೆ. ನಂತರ ಪರಿವರ್ತಿಸಿ.

ವರ್ಡ್ ಬಿಟ್ಟು ಬೇರೆ ಕಡೆ

ವಿಂಡೋಸ್‌ನಲ್ಲಿ ಸ್ಟಾರ್ಟ್ ಒತ್ತಿ ಕ್ಯಾರೆಕ್ಟರ್ ಮ್ಯಾಪ್ ಹುಡುಕಿ. ಅಡ್ವಾನ್ಸ್ಡ್ ವ್ಯೂ ಟಿಕ್ ಮಾಡಿ, ಗೋ ಟು ಯುನಿಕೋಡ್ ಅನ್ನೋ ಕಡೆ 21ಸಿಸಿ ಹಾಕಿದರೆ ನೇರ ಅಲ್ಲಿಗೇ ಹೋಗುತ್ತದೆ. ಕಾಪಿ ಮಾಡಿ ಎಲ್ಲಿ ಬೇಕಾದರೂ ಅಂಟಿಸಿ.

ಮ್ಯಾಕ್‌ನಲ್ಲಿ ಕಂಟ್ರೋಲ್, ಕಮಾಂಡ್, ಸ್ಪೇಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಚಿಹ್ನೆಗಳ ಕಿಟಕಿ ತೆರೆಯುತ್ತದೆ, ಅಲ್ಲಿ ಹಾರ್ಪೂನ್ ಅಂತ ಇಂಗ್ಲಿಷಿನಲ್ಲಿ ಹುಡುಕಿ. ಉಬುಂಟು ಥರದ ಲಿನಕ್ಸ್‌ಗಳಲ್ಲಿ ಕಂಟ್ರೋಲ್, ಶಿಫ್ಟ್, ಯು ಒತ್ತಿ ಬಿಟ್ಟು, 21ಸಿಸಿ ಬರೆದು ಎಂಟರ್ ಒತ್ತಿ. ಇದು ನನಗೆ ಎಲ್ಲಕ್ಕಿಂತ ಇಷ್ಟ.

ಗೂಗಲ್ ಡಾಕ್ಸ್‌ನಲ್ಲಿ ಇನ್ಸರ್ಟ್ ಮೆನುವಿನ ಸ್ಪೆಷಲ್ ಕ್ಯಾರೆಕ್ಟರ್ಸ್ ತೆರೆಯಿರಿ. ಬಲಗಡೆ ಒಂದು ಖಾಲಿ ಹಲಗೆ ಇದೆ. ಅದರ ಮೇಲೆ ಮೌಸಿನಿಂದ ಬಾಣದ ಚಿತ್ರ ಬಿಡಿಸಿದರೆ ಹೋಲುವ ಚಿಹ್ನೆಗಳನ್ನು ತೋರಿಸುತ್ತದೆ. ಮಕ್ಕಳಿಗೆ ತೋರಿಸಲು ಮಜಾ, ಕೆಲಸಕ್ಕೆ ಕೋಡ್ ಹಾಕಿ ಹುಡುಕೋದೇ ಬೇಗ. ಇಲ್ಲಿ ಹುಷಾರು, ⇌ ಮತ್ತು ⇋ ಅಕ್ಕಪಕ್ಕ ಬರುತ್ತವೆ.

ಎಕ್ಸೆಲ್‌ನಲ್ಲಿ ಯುನಿಚಾರ್ ಅನ್ನೋ ಫಂಕ್ಷನ್ ಇದೆ, 2013ರ ಆವೃತ್ತಿಯಿಂದ. ಆವರಣದೊಳಗೆ 8652 ಕೊಟ್ಟರೆ ಬಾಣ. ಪ್ರಶ್ನೆಬ್ಯಾಂಕನ್ನು ಎಕ್ಸೆಲ್‌ನಲ್ಲಿ ಇಟ್ಟಿರುವವರು ಇನ್ನೊಂದು ವಿಷಯ ಗಮನಿಸಿ. ಸಿಎಸ್‌ವಿ (ಬರೀ ಪಠ್ಯವಾಗಿ, ಅಲ್ಪವಿರಾಮ ಹಾಕಿ ಬರೆದಿಡುವ ಪಟ್ಟಿ) ಮಾಡಿ ಉಳಿಸುವಾಗ ಸುಮ್ನೆ ಸಿಎಸ್‌ವಿ ಅಂತ ಇರುವುದನ್ನು ಆರಿಸಿದರೆ ಬಾಣ ಹೋಗಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಜೊತೆಗೆ ಕನ್ನಡವೂ ಹೋಗುತ್ತದೆ. ಪಟ್ಟಿಯಲ್ಲಿ ಸಿಎಸ್‌ವಿ ಯುಟಿಎಫ್-8 ಅಂತ ಬೇರೆ ಇದೆ, ಅದನ್ನೇ ಆರಿಸಿ. ಯುಟಿಎಫ್-8 ಅಂದರೆ ಯುನಿಕೋಡ್ ನಂಬರುಗಳನ್ನು ಫೈಲಿನಲ್ಲಿ ಬರೆದಿಡುವ ಒಂದು ರೀತಿ.

ಫೋನಿನಲ್ಲಿ

ಈಗ ನೋಟ್ಸ್ ಹಂಚೋದೆಲ್ಲ ವಾಟ್ಸ್ಆ್ಯಪ್ ಗ್ರೂಪಿನಲ್ಲೇ ತಾನೇ. ಆಂಡ್ರಾಯ್ಡ್‌ನ ಜಿಬೋರ್ಡ್‌ನಲ್ಲಿ ಚಿಹ್ನೆಗಳ ಎರಡನೇ ಪುಟಕ್ಕೆ ಹೋಗಿ, ಟೋಪಿಯಂತಿರುವ ^ ಕೀಲಿಯನ್ನು ಒತ್ತಿ ಹಿಡಿದರೆ → ಸಿಗುತ್ತದೆ. ⇌ ಮಾತ್ರ ಅಲ್ಲಿಲ್ಲ. ಅದಕ್ಕೆ ಒಂದು ಸಲ ಹೀಗೆ ಮಾಡಿಕೊಳ್ಳಿ:

ಈ ಪುಟದಿಂದ ⇌ ಕಾಪಿ ಮಾಡಿ. ಜಿಬೋರ್ಡ್ ಸೆಟ್ಟಿಂಗ್ಸ್, ಡಿಕ್ಷನರಿ, ಪರ್ಸನಲ್ ಡಿಕ್ಷನರಿಗೆ ಹೋಗಿ. ನೀವು ಬಳಸುವ ಭಾಷೆ ಆರಿಸಿ, + ಒತ್ತಿ. ಮೇಲಿನ ಸಾಲಿನಲ್ಲಿ ಬಾಣ ಅಂಟಿಸಿ, ಕೆಳಗಿನ ಶಾರ್ಟ್‌ಕಟ್ ಸಾಲಿನಲ್ಲಿ ಬೇರೆ ಯಾವ ಪದವೂ ಅಲ್ಲದ ಮೂರು ಅಕ್ಷರ ಹಾಕಿ. ಇನ್ನು ಆ ಮೂರು ಅಕ್ಷರ ಟೈಪ್ ಮಾಡಿದಾಗ ಕೀಬೋರ್ಡಿನ ಮೇಲಿನ ಪಟ್ಟಿಯಲ್ಲಿ ಬಾಣ ಕಾಣುತ್ತದೆ, ಒತ್ತಿ. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಕೀಬೋರ್ಡ್, ಟೆಕ್ಸ್ಟ್ ರೀಪ್ಲೇಸ್‌ಮೆಂಟ್. ಕೆಲಸ ಇದೇ.

ಫೋನಿನಲ್ಲಿ ಇನ್ನೊಂದು ವಿಚಿತ್ರ. ರೆಸೊನೆನ್ಸಿನ ↔ ಕೆಲವು ಆ್ಯಪ್‌ಗಳಲ್ಲಿ ಇದ್ದಕ್ಕಿದ್ದ ಹಾಗೆ ಬಣ್ಣದ ಚೌಕದೊಳಗಿನ ಎಮೋಜಿ ಆಗಿಬಿಡುತ್ತದೆ. ಆ ನಂಬರಿಗೆ (8596) ಸಾದಾ ರೂಪ, ಎಮೋಜಿ ರೂಪ ಎರಡೂ ಇವೆ. ಬಾಣದ ಬೆನ್ನಿಗೇ 65038 ಅನ್ನೋ ಕಣ್ಣಿಗೆ ಕಾಣದ ಅಕ್ಷರ ಸೇರಿಸಿದರೆ ಸಾದಾ ರೂಪ ಕೊಡು ಅಂತ ಹೇಳಿದ ಹಾಗೆ. ಪುಣ್ಯಕ್ಕೆ → ಮತ್ತು ⇌ ಎರಡಕ್ಕೂ ಎಮೋಜಿ ರೂಪ ಇಲ್ಲ.

ಎಸ್ಎಂಎಸ್ ಕಳಿಸುವವರಿಗೆ: ಪೂರ್ತಿ ಇಂಗ್ಲಿಷ್ ಸಂದೇಶದಲ್ಲಿ 160 ಅಕ್ಷರ ಹಿಡಿಯುತ್ತದೆ. ಒಂದೇ ಒಂದು ⇌ ಸೇರಿಸಿದರೆ ಅದು 70ಕ್ಕೆ ಇಳಿಯುತ್ತದೆ. ಕನ್ನಡದ ಸಂದೇಶಕ್ಕೆ ಮೊದಲೇ 70 ಇರುವುದರಿಂದ ನಮಗೇನೂ ನಷ್ಟವಿಲ್ಲ ಬಿಡಿ.

ವೆಬ್ ಪುಟದಲ್ಲಿ

ಬ್ಲಾಗ್ ಬರೆಯುವವರು ಬಾಣವನ್ನು ನೇರ ಅಂಟಿಸಬಹುದು, ಕನ್ನಡ ಹೇಗೋ ಹಾಗೆ. ಎಚ್‌ಟಿಎಂಎಲ್ ಕೈಯಲ್ಲಿ ಬರೆಯುವವರು ಹೀಗೆ ಹಾಕಿ:

&#8652;

ಮುಂದಿನ & ಮತ್ತು ಕೊನೆಯ ; ಬಿಡಬೇಡಿ. ಪುಟದ ಎನ್‌ಕೋಡಿಂಗ್ (ಅಕ್ಷರದ ನಂಬರನ್ನು ಬರೆದಿಡುವ ರೀತಿ) ಎಡವಟ್ಟಾಗಿದ್ದರೂ ಹೀಗೆ ಬರೆದದ್ದು ಉಳಿದುಕೊಳ್ಳುತ್ತದೆ, ಯಾಕೆಂದರೆ ಇದರಲ್ಲಿ ಇರುವುದೆಲ್ಲ ಸಾದಾ ಚಿಹ್ನೆ ಮತ್ತು ಅಂಕಿ. ನೇರ ಅಂಟಿಸಿದ ಬಾಣ ಎಡವಟ್ಟಾದರೆ ಮೂರು ತುಂಡಾಗುತ್ತದೆ. ಯುಟಿಎಫ್-8ರಲ್ಲಿ ಅದು 226, 135, 140 ಅನ್ನೋ ಮೂರು ಬೈಟುಗಳಾಗಿ ಕೂತಿರುತ್ತದೆ. ಅದನ್ನು ಹಳೆಯ ವಿಂಡೋಸ್ ಪಟ್ಟಿಯ ಪ್ರಕಾರ ಓದಿದರೆ ಟೋಪಿ ಹಾಕಿದ 'ಎ', ನಂತರ ‡, ಕೊನೆಗೆ ಒಂದಕ್ಕೊಂದು ಅಂಟಿದ 'ಒಇ' ಕಾಣುತ್ತವೆ. ಈ ಮೂರು ಒಟ್ಟಿಗೆ ಕಂಡರೆ ಪುಟದ ತಲೆಯಲ್ಲಿ ಯುಟಿಎಫ್-8 ಅಂತ ಘೋಷಿಸಿದ್ದೀರಾ ನೋಡಿ.

ದೃಷ್ಟಿ ಇಲ್ಲದ ಓದುಗರೂ ಬರುತ್ತಾರೆ ಅನ್ನೋದು ನೆನಪಿರಲಿ. ಕೆಲವು ಸ್ಕ್ರೀನ್ ರೀಡರ್‌ಗಳು ಈ ಬಾಣವನ್ನು ಓದದೆ ದಾಟಿ ಹೋಗುತ್ತವೆ. ಆಗ ಕೇಳಿಸೋದು "ನೈಟ್ರೋಜನ್ ಹೈಡ್ರೋಜನ್ ಅಮೋನಿಯಾ" ಅಂತ, ದಿನಸಿ ಚೀಟಿ ಓದಿದ ಹಾಗೆ. ಸಮೀಕರಣದ ಕೆಳಗೆ "ಇದು ಸಮತೋಲನದಲ್ಲಿರುವ ಕ್ರಿಯೆ" ಅಂತ ಒಂದು ಸಾಲು ಹಾಕಿ. ಕಣ್ಣಿರುವವರಿಗೂ ಅದು ಒಳ್ಳೆಯದೇ.

ಲೇಟೆಕ್ ಬಳಸುವವರಿಗೆ

ಇವರಿಗೆ ಜಾಸ್ತಿ ಹೇಳಬೇಕಿಲ್ಲ. ಗಣಿತದ ಮೋಡಿನಲ್ಲಿ ಬ್ಯಾಕ್‌ಸ್ಲ್ಯಾಷ್ ಹಾಕಿ, ರೈಟ್, ಲೆಫ್ಟ್, ಹಾರ್ಪೂನ್ಸ್ ಮೂರೂ ಪದ ಜಾಗ ಬಿಡದೆ ಇಂಗ್ಲಿಷಿನಲ್ಲಿ ಬರೆದರೆ ಬಾಣ. ಆದರೆ ಕೆಮಿಸ್ಟ್ರಿ ಬರೆಯುವವರು ಎಂಎಚ್‌ಕೆಮ್ ಪ್ಯಾಕೇಜ್ ಹಾಕಿಕೊಳ್ಳೋದು ಮೇಲು. ಅದರೊಳಗೆ ಬಾಣ ಹೇಗೆ ಕಾಣಬೇಕೋ ಹಾಗೇ ಟೈಪ್ ಮಾಡಬಹುದು. -> ಅಂದರೆ ಸಾದಾ ಬಾಣ. <=> ಅಂದರೆ ಸಮತೋಲನ. <-> ಅಂದರೆ ರೆಸೊನೆನ್ಸ್. <--> ಅಂದರೆ ಎರಡು ಪೂರ್ತಿ ಬಾಣ.

ಇದರಲ್ಲಿ ನನಗೆ ಮೆಚ್ಚುಗೆಯಾದದ್ದು <=>> ಮತ್ತು <<=>. ಸಮತೋಲನ ಒಂದು ಕಡೆಗೆ ವಾಲಿದ್ದರೆ ಆ ಕಡೆಯ ಬಾಣ ಉದ್ದ, ಇನ್ನೊಂದು ಗಿಡ್ಡ ಆಗುತ್ತದೆ. ವಿನೆಗರಿನ ಅಸಿಟಿಕ್ ಆಮ್ಲ ನೀರಿನಲ್ಲಿ ಅಯಾನಾಗಿ ಒಡೆಯೋದು ಅತಿ ಕಡಿಮೆ. ಅಲ್ಲಿ <<=> ಹಾಕಿದರೆ ಎಡಕ್ಕೆ ಹೋಗುವ ಬಾಣ ಉದ್ದವಾಗಿ, "ಇದು ದುರ್ಬಲ ಆಮ್ಲ" ಅಂತ ಮಾತಿಲ್ಲದೆ ಹೇಳಿದ ಹಾಗಾಗುತ್ತದೆ. ಬಾಣದ ಬೆನ್ನಿಗೆ ಚೌಕ ಆವರಣ ಹಾಕಿದರೆ ಒಳಗೆ ಬರೆದದ್ದು ಬಾಣದ ಮೇಲೆ ಹೋಗುತ್ತದೆ, ಎರಡನೇ ಆವರಣದ್ದು ಕೆಳಗೆ. ಅಮೋನಿಯಾ ತಯಾರಿಕೆಯಲ್ಲಿ ಮೇಲೆ ಕಬ್ಬಿಣ, ಕೆಳಗೆ 450 ಡಿಗ್ರಿ ಅಂತ ಹಾಕಲು ಇದೇ ದಾರಿ.

ಪ್ರಿಂಟಿಗೆ ಕೊಡುವ ಮುಂಚೆ

ಈಗ ಮತ್ತೆ ಡಬ್ಬಿಯ ವಿಷಯಕ್ಕೆ ಬರೋಣ. ಕನ್ನಡ ಫಾಂಟುಗಳಲ್ಲಿ ಸಾಮಾನ್ಯವಾಗಿ ಈ ಬಾಣ ಇರೋದಿಲ್ಲ. ನಿಮ್ಮ ಕಂಪ್ಯೂಟರ್ ಬೇರೆ ಫಾಂಟಿನಿಂದ ಸಾಲ ತಂದು ತೋರಿಸುತ್ತಿರುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ಸಾಲ ಕೊಡುವ ಫಾಂಟ್ ಇಲ್ಲದಿದ್ದರೆ ಡಬ್ಬಿ.

ಮೊದಲು, ಬಾಣವನ್ನು ಮಾತ್ರ ಆರಿಸಿ ಅದಕ್ಕೆ ನೀವೇ ಫಾಂಟ್ ಕೊಡಿ. ವಿಂಡೋಸ್‌ನಲ್ಲಿ ಸೆಗೋ ಯುಐ ಸಿಂಬಲ್, ಲಿನಕ್ಸ್‌ನಲ್ಲಿ ಡೆಜಾವು ಸಾನ್ಸ್. ಕೇಂಬ್ರಿಯಾ ಮ್ಯಾತ್‌ನಲ್ಲೂ ಬಾಣ ಇದೆ, ಆದರೆ ಸಾದಾ ಪಠ್ಯದ ಮಧ್ಯೆ ಅದನ್ನು ಹಾಕಿದರೆ ಆ ಸಾಲಿನ ಮೇಲೆ ಕೆಳಗೆ ಎತ್ತಿನಗಾಡಿ ಹೋಗುವಷ್ಟು ಜಾಗ ಬಿಟ್ಟುಕೊಳ್ಳುತ್ತದೆ. ಯಾಕೆ ಒಂದೇ ಸಾಲು ಹೀಗಾಯಿತು ಅಂತ ನಾನು ಅರ್ಧ ದಿನ ತಲೆ ಕೆಡಿಸಿಕೊಂಡದ್ದುಂಟು. ಬೇರೆ ಫಾಂಟಿನಿಂದಲೂ ಸಾಲು ಸ್ವಲ್ಪ ಕುಣಿಯುತ್ತಿದ್ದರೆ ಪ್ಯಾರಾ ಸೆಟ್ಟಿಂಗಿನಲ್ಲಿ ಲೈನ್ ಸ್ಪೇಸಿಂಗ್ ಎಗ್ಸಾಕ್ಟ್ಲಿ ಮಾಡಿ. ಅಂತರ ತೀರಾ ಕಮ್ಮಿ ಇಟ್ಟರೆ ಕನ್ನಡದ ಒತ್ತಕ್ಷರಗಳ ಕಾಲು ಕತ್ತರಿಸುತ್ತದೆ. 12 ಪಾಯಿಂಟ್ ಅಕ್ಷರಕ್ಕೆ ನಾನು 20 ಇಡುತ್ತೇನೆ.

ಬಾಣದ ಎರಡೂ ಕಡೆ ಒಂದೊಂದು ಜಾಗ ಬಿಡಿ. ಎಡಗಡೆಯ ಜಾಗವನ್ನು ವರ್ಡ್‌ನಲ್ಲಿ ಕಂಟ್ರೋಲ್-ಶಿಫ್ಟ್-ಸ್ಪೇಸ್ ಒತ್ತಿ ಹಾಕಿ. ಆಗ ಸಾಲು ತುಂಬಿದಾಗ ಬಾಣವೊಂದೇ ಕೆಳಗಿನ ಸಾಲಿಗೆ ಜಾರೋದಿಲ್ಲ.

ಕೊನೆಗೆ, ವರ್ಡ್ ಫೈಲನ್ನು ಅಂಗಡಿಗೆ ಕೊಡಲೇಬೇಡಿ. ಪಿಡಿಎಫ್ ಮಾಡಿ ಕೊಡಿ. ಪಿಡಿಎಫ್ ಒಳಗೆ ಫಾಂಟಿನ ಚಿತ್ರವೂ ಸೇರಿಕೊಂಡು ಹೋಗುತ್ತದೆ, ಸಾಲದ ಮಾತೇ ಬರೋದಿಲ್ಲ. ವರ್ಡ್ ಫೈಲೇ ಬೇಕು ಅಂತ ಹಟ ಮಾಡಿದರೆ, ಫೈಲ್, ಆಪ್ಷನ್ಸ್, ಸೇವ್‌ನಲ್ಲಿ ಎಂಬೆಡ್ ಫಾಂಟ್ಸ್ ಇನ್ ದ ಫೈಲ್ ಅಂತ ಇದೆ, ಟಿಕ್ ಹಾಕಿ ಉಳಿಸಿ.

ಪಿಡಿಎಫ್ ಆದ ಮೇಲೆ ಅದನ್ನು ನಿಮ್ಮದೇ ಫೋನಿಗೆ ಕಳಿಸಿಕೊಂಡು ತೆರೆದು ನೋಡಿ. ಫೋನಿನಲ್ಲಿ ನಿಮ್ಮ ಕಂಪ್ಯೂಟರಿನ ಫಾಂಟುಗಳು ಇರೋದಿಲ್ಲ, ಹಾಗಾಗಿ ಅಂಗಡಿಯಲ್ಲಿ ಆಗಬಹುದಾದದ್ದು ಅಲ್ಲೇ ಗೊತ್ತಾಗುತ್ತದೆ. ಅದು ಸರಿ ಇದ್ದರೆ ಒಂದೇ ಒಂದು ಪ್ರತಿ ತೆಗೆಸಿ, ಬಾಣಗಳನ್ನು ಬೆರಳಿಟ್ಟು ಎಣಿಸಿ. ಆಮೇಲೆ ಉಳಿದ ಐವತ್ತೊಂಬತ್ತು.

ಕಾಪಿ ಮಾಡಿಕೊಳ್ಳಲು, ನಂಬರ್ ಸಮೇತ:

→ 8594
⇌ 8652
⇄ 8644
↔ 8596
⇒ 8658